ಎಡಗೈಗೆ ಸಿಬಿಡಿ, ಬಲಗೈಗೆ ಜೆಲ್ಲಿ

ನನ್ನದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ. 19 ವರ್ಷವಾಯಿತು. ಬೀಕರ್, ಪಿಪೆಟ್, ಬ್ಯುರೆಟ್, ದಿನವಿಡೀ ಅದೇ. ಮೊದಲು ಸೋಪು ನೀರು, ಆಮೇಲೆ ಆಸಿಟೋನ್. ಗ್ಲೌಸ್ ಹಾಕಿದರೆ ಒಳಗೆ ಬೆವರು, ಹಾಕದಿದ್ದರೆ ಹೊರಗೆ ಸೋಪು. ಬೆರಳ ಸಂದಿಗಳು ಕೆಂಪಾಗಿ ಬಿರಿಯುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆರೆದುಕೊಳ್ಳಬೇಕು. ಚರ್ಮದ ಡಾಕ್ಟರು ಇದು ಎಕ್ಸಿಮಾ ಎಂದು ಸ್ಟಿರಾಯ್ಡ್ ಮುಲಾಮು ಬರೆದುಕೊಟ್ಟರು. ಹಚ್ಚಿದಷ್ಟು ದಿನ ಸುಖ, ಬಿಟ್ಟರೆ ಮತ್ತೆ ಶುರು.

ಇದನ್ನು ನೋಡಲಾರದೆ ನನ್ನ ತಮ್ಮ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಒಂದು ಕ್ರೀಮು, ಒಂದು ಹೇರ್ ಆಯಿಲ್. ಎರಡರ ಮೇಲೂ ಹಸಿರು ಎಲೆಯ ಚಿತ್ರ. ಯಾವ ಎಲೆ ಎಂದು ಹೇಳಬೇಕಾಗಿಲ್ಲ. "ಅಕ್ಕಾ, ಗಾಂಜಾದಿಂದ ಮಾಡಿದ್ದು, ಆದರೆ ತಲೆಗೆ ಏರಲ್ಲ" ಅಂದ. ಅವನ ಕಣ್ಣು ನನ್ನ ಕೈಗಿಂತ ಜಾಸ್ತಿ ನನ್ನ ಬೈತಲೆ ಮೇಲಿತ್ತು. ಅಲ್ಲೂ ಕೂದಲು ತೆಳುವಾಗಿದೆ, ಗೊತ್ತು ಮಾರಾಯ.

ಗಾಂಜಾದಲ್ಲಿ ತಲೆಗೆ ಏರುವ ರಾಸಾಯನಿಕ ಟಿಎಚ್‌ಸಿ. ಏರದೇ ಇರುವುದು ಸಿಬಿಡಿ, ಪೂರ್ತಿ ಹೆಸರು ಕ್ಯಾನಬಿಡಿಯಾಲ್. ಎರಡೂ ಅದೇ ಗಿಡದ ಹೂವು, ಎಲೆಗಳ ಮೇಲಿನ ಅಂಟು ರೋಮಗಳಲ್ಲಿ ಇರುತ್ತವೆ. ಇವು ಚರ್ಮದ ಮೇಲೆ ಏನು ಮಾಡಬಹುದು ಎಂಬ ಕುತೂಹಲ ಸುಮ್ನೆ ಹುಟ್ಟಿದ್ದಲ್ಲ. 1992ರಲ್ಲಿ ವಿಜ್ಞಾನಿಗಳಿಗೆ ನಮ್ಮ ಮೈಯೇ ತಯಾರಿಸುವ, ಗಾಂಜಾದಂತೆ ವರ್ತಿಸುವ ಒಂದು ಪದಾರ್ಥ ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ಆನಂದವೇ. ಅದನ್ನು ಗುರುತಿಸುವ ರಿಸೆಪ್ಟರ್‌ಗಳು ಮಿದುಳಿನಲ್ಲಷ್ಟೇ ಅಲ್ಲ, ಚರ್ಮದಲ್ಲಿ, ಎಣ್ಣೆ ಗ್ರಂಥಿಗಳಲ್ಲಿ, ಕೂದಲ ಬುಡದಲ್ಲೂ ಇವೆ. ಹಾಗಾಗಿ ಉರಿಯೂತ, ತುರಿಕೆ, ಮೊಡವೆ ಎಲ್ಲದಕ್ಕೂ ಇಲ್ಲೇ ಮದ್ದು ಇರಬಹುದೇ ಎಂದು ಹುಡುಕುತ್ತಿದ್ದಾರೆ.

ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ. ಅವರು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡು ಎಂದರು. ಏನೂ ಆಗಲಿಲ್ಲ. ಆಮೇಲೆ ನನ್ನದೇ ಒಂದು ಪ್ರಯೋಗ: ಎಡಗೈಗೆ ಈ ಕ್ರೀಮು, ಬಲಗೈಗೆ ಮಾಮೂಲಿ ಪೆಟ್ರೋಲಿಯಂ ಜೆಲ್ಲಿ. ಮೂರು ವಾರ ಹೀಗೆ, ಇನ್ನು ಮೂರು ವಾರ ಅದಲು ಬದಲು. ನಾನು ಬಲಗೈಯವಳು, ಜಾಸ್ತಿ ಉಜ್ಜುವುದು ಆ ಕೈ. ಅದಲು ಬದಲು ಮಾಡದಿದ್ದರೆ ಜೆಲ್ಲಿಗೆ ಅನ್ಯಾಯ, ಅಲ್ವಾ? ಯಾವ ಕೈಯ ತುರಿಕೆಗೆ ಎಚ್ಚರವಾಯಿತು ಎಂದು ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ.

ಕ್ರೀಮು ದಪ್ಪಗಿದೆ, ಆದರೆ ಬೇಗ ಇಂಗುತ್ತದೆ. ಜೆಲ್ಲಿಯ ಹಾಗೆ ಬಾಗಿಲ ಹಿಡಿಗೆಲ್ಲ ಮೆತ್ತಿಕೊಳ್ಳುವುದಿಲ್ಲ. ಬಿರಿದ ಜಾಗಕ್ಕೆ ಹಚ್ಚಿದಾಗ ಮೊದಲ ಮೂರು ದಿನ ಚುರುಗುಟ್ಟಿತು. ಲೇಬಲ್ಲಿನ ಕೊನೆಯಲ್ಲಿ ಲ್ಯಾವೆಂಡರ್ ಎಣ್ಣೆ ಎಂದಿತ್ತು. ಎಕ್ಸಿಮಾ ಇರುವವರ ಕ್ರೀಮಿಗೆ ಸುವಾಸನೆ ಯಾಕೆ ಹಾಕುತ್ತಾರೋ! ಸುವಾಸನೆಯೇ ಕೆಲವರಿಗೆ ಅಲರ್ಜಿ ತರುತ್ತದೆ.

ಎರಡನೇ ವಾರಕ್ಕೆ ಎರಡೂ ಕೈ ಮೆತ್ತಗಾದವು. ಒಂದು ತಿಂಗಳಿಗೆ ಬಿರುಕುಗಳು ಎರಡರಲ್ಲೂ ಹೆಚ್ಚುಕಡಿಮೆ ಮುಚ್ಚಿದವು. ನೋಡಿದರೆ ಯಾವುದಕ್ಕೆ ಏನು ಹಚ್ಚಿದ್ದು ಎಂದು ಹೇಳಲಾಗುತ್ತಿರಲಿಲ್ಲ. ತಮ್ಮನಿಗೇ ತೋರಿಸಿ ಕೇಳಿದೆ, ಅವನು ತಪ್ಪು ಕೈ ತೋರಿಸಿದ. ವ್ಯತ್ಯಾಸ ಕಂಡಿದ್ದು ತುರಿಕೆಯಲ್ಲಿ. ಆರು ವಾರದಲ್ಲಿ ಜೆಲ್ಲಿ ಕೈ 14 ರಾತ್ರಿ ಎಬ್ಬಿಸಿತು, ಕ್ರೀಮು ಕೈ 8 ರಾತ್ರಿ. ಖುಷಿಯಾಯಿತು. ಆದರೆ ಯಾವ ಕೈಗೆ ಏನು ಎಂದು ನನಗೆ ಗೊತ್ತಿತ್ತಲ್ಲ, ಮನಸ್ಸೂ ಒಂದಿಷ್ಟು ಕೆರೆತ ಕಡಿಮೆ ಮಾಡಿರಬಹುದು. ಜೊತೆಗೆ ಈ ಕ್ರೀಮಿನಲ್ಲಿ ಗ್ಲಿಸರಿನ್ ಇದೆ, ಶಿಯಾ ಬೆಣ್ಣೆ ಇದೆ. ಸರಿಯಾದ ಹೋಲಿಕೆ ಬೇಕಿದ್ದರೆ ಸಿಬಿಡಿ ಇಲ್ಲದ ಇದೇ ಕ್ರೀಮು ಬೇಕಿತ್ತು.

ದೊಡ್ಡ ಪ್ರಯೋಗಗಳಲ್ಲೂ ಇದೇ ಕಥೆ. 2014ರಲ್ಲಿ ಹಂಗೇರಿಯ ಡೆಬ್ರೆಸೆನ್‌ನ ಸಂಶೋಧಕರು ಮನುಷ್ಯನ ಎಣ್ಣೆ ಗ್ರಂಥಿಯ ಜೀವಕೋಶಗಳಿಗೆ ಸಿಬಿಡಿ ಹಾಕಿ ನೋಡಿದರು. ಎಣ್ಣೆ ಸುರಿಯುವುದೂ ಇಳಿಯಿತು, ಉರಿಯೂತವೂ ಇಳಿಯಿತು. ಮೊಡವೆಗೆ ಮದ್ದು ಸಿಕ್ಕಿತು ಎಂದು ಎಲ್ಲರೂ ಹಿಗ್ಗಿದರು. 2019ರಲ್ಲಿ ಮೊಡವೆ ಇರುವ 368 ಮಂದಿಯ ಮೇಲೆ 12 ವಾರದ ಪ್ರಯೋಗ ಮುಗಿಯಿತು. ಸಿಬಿಡಿ ಇಲ್ಲದ ಬರೀ ದ್ರಾವಣ ಹಚ್ಚಿಕೊಂಡವರ ಮೊಡವೆಯೂ ಚೆನ್ನಾಗಿಯೇ ಇಳಿದಿತ್ತು! ಸಿಬಿಡಿ ಗೆಲ್ಲಲಿಲ್ಲ. ಗಾಜಿನ ತಟ್ಟೆಯಲ್ಲಿ ಆಗುವುದೆಲ್ಲ ಮುಖದ ಮೇಲೆ ಆಗುವುದಿಲ್ಲ. ಆ ತಟ್ಟೆಗಳನ್ನು ತೊಳೆಯುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಲೇಬಲ್ಲಿಗೆ ಬರೋಣ, ನನಗೆ ಸಿಟ್ಟು ಬಂದಿದ್ದು ಅಲ್ಲೇ. ಟ್ಯೂಬಿನ ಮೇಲೆ 50 ಎಂಎಲ್‌ಗೆ 500 ಮಿಲಿಗ್ರಾಂ ಸಿಬಿಡಿ ಎಂದಿದೆ. ಅಂದರೆ ಶೇಕಡಾ 1. ಕ್ಯೂಆರ್ ಕೋಡ್ ಒತ್ತಿದರೆ ಲ್ಯಾಬ್ ರಿಪೋರ್ಟ್ ತೆರೆಯುತ್ತದೆ. ಭೇಷ್ ಅಂದುಕೊಂಡೆ. ಆಮೇಲೆ ನೋಡಿದರೆ ರಿಪೋರ್ಟಿನ ಬ್ಯಾಚ್ ನಂಬರೇ ಬೇರೆ, ನನ್ನ ಟ್ಯೂಬಿನ ನಂಬರೇ ಬೇರೆ. ಕಂಪನಿಗೆ ಮೇಲ್ ಹಾಕಿದೆ. "ಶೀಘ್ರದಲ್ಲೇ ಅಪ್‌ಡೇಟ್ ಮಾಡುತ್ತೇವೆ" ಎಂಬ ಉತ್ತರ ಬಂತು, ರಿಪೋರ್ಟ್ ಬರಲಿಲ್ಲ. ಇದು ನನ್ನೊಬ್ಬಳ ಗೋಳಲ್ಲ. ಅಮೆರಿಕದಲ್ಲಿ ಇಂಥ 105 ಕ್ರೀಮು, ಮುಲಾಮುಗಳನ್ನು ಪರೀಕ್ಷಿಸಿದ ವರದಿ 2022ರಲ್ಲಿ ಬಂತು. ಸಿಬಿಡಿ ಎಷ್ಟಿದೆ ಎಂದು ಬರೆದುಕೊಂಡಿದ್ದವು 89. ಅವುಗಳಲ್ಲಿ ಲೇಬಲ್ಲಿಗೆ ಸರಿಹೊಂದಿದ್ದು ಶೇಕಡಾ 24 ಮಾತ್ರ. 105ರಲ್ಲಿ 37ರಲ್ಲಿ ಟಿಎಚ್‌ಸಿಯೂ ಇತ್ತು.

ಇನ್ನು ಹೇರ್ ಆಯಿಲ್. ಇದರ ಕಥೆ ಚಿಕ್ಕದು. ಮುಂದೆ ದೊಡ್ಡ ಎಲೆಯ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ "ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್". ಅಂದರೆ ಬೀಜದ ಎಣ್ಣೆ. ಬೀಜದಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಿಬಿಡಿ ಬೇಕೆನ್ನುವವರು ಪಟ್ಟಿಯಲ್ಲಿ "ಕ್ಯಾನಬಿಡಿಯಾಲ್" ಎಂಬ ಪದ ಹುಡುಕಬೇಕು. ನನ್ನ ಸೀಸೆಯಲ್ಲಿ ಅದಿರಲಿಲ್ಲ. ಹಾಗೆಂದು ಕೆಟ್ಟ ಎಣ್ಣೆಯಲ್ಲ. ಅರ್ಧಕ್ಕಿಂತ ಜಾಸ್ತಿ ಲಿನೋಲೆಯಿಕ್ ಎಂಬ ಕೊಬ್ಬಿನ ಆಮ್ಲ, ಒಣ ಚರ್ಮಕ್ಕೆ ಒಳ್ಳೆಯದು. ಬಣ್ಣ ಹಸಿರು, ವಾಸನೆ ಹಸಿ ಹುಲ್ಲಿನದು. ಬೇಗ ಕಮಟು ಹಿಡಿಯುವುದರಿಂದ ಫ್ರಿಜ್ಜಿನಲ್ಲಿಡಬೇಕು.

ಕೂದಲು ಬಂತಾ? ಇಲ್ಲ. ಮೂರು ತಿಂಗಳು ಹಚ್ಚಿದೆ. ಒಂದೇ ದೀಪದ ಕೆಳಗೆ ಬೈತಲೆಯ ಫೋಟೋ ತೆಗೆದು ಹೋಲಿಸಿದೆ. ಹೊಳಪು ಬಂದಿದೆ, ಸಂಖ್ಯೆ ಅಷ್ಟೇ. ತಮ್ಮ ಬಿಡಲಿಲ್ಲ, ಕೂದಲು ಬಂದ ಸ್ಟಡಿ ಇದೆ ಎಂದು ವಾದಿಸಿದ. ಇದೆ, ನಿಜ. 2021ರಲ್ಲಿ ಪ್ರಕಟವಾಗಿದೆ. ಅದರಲ್ಲಿ 35 ಮಂದಿ ಆರು ತಿಂಗಳು ಹಚ್ಚಿ, ಕೂದಲ ಎಣಿಕೆ ಸರಾಸರಿ ಶೇಕಡಾ 93.5ರಷ್ಟು ಏರಿದೆ. ಆದರೆ ಅವರು ಹಚ್ಚಿದ್ದು ಸಿಬಿಡಿ ಇರುವ ಸಾರ, ಬರೀ ಬೀಜದ ಎಣ್ಣೆಯಲ್ಲ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇನ್ನೊಂದು ಕಡೆ, ಲ್ಯಾಬಿನಲ್ಲಿ ಬೆಳೆಸಿದ ಕೂದಲ ಬುಡಗಳಿಗೆ ಟಿಎಚ್‌ಸಿ ಹಾಕಿದಾಗ ಬೆಳವಣಿಗೆ ಕುಗ್ಗಿತ್ತು. ಸಿಬಿಡಿ ಪ್ರಮಾಣ ಏರಿಸಿದಾಗಲೂ ಹಾಗೇ ಆಗಿದೆ. ಜಾಸ್ತಿ ಹಚ್ಚಿದರೆ ಜಾಸ್ತಿ ಕೂದಲು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಐದರಲ್ಲಿ ಕ್ರೀಮಿಗೆ ಮೂರು. ಲ್ಯಾವೆಂಡರ್ ತೆಗೆದು ಸರಿಯಾದ ರಿಪೋರ್ಟ್ ಹಾಕಿದರೆ ನಾಲ್ಕು ಕೊಡುತ್ತೇನೆ. ಹೇರ್ ಆಯಿಲ್‌ಗೆ ಒಂದೂವರೆ, ಅದೂ ಎಣ್ಣೆಗೆ. ಮೇಲಿನ ಎಲೆಗೆ ಸೊನ್ನೆ. ಕ್ರೀಮು ಮುಗಿಯಿತು, ಈಗ ಎರಡೂ ಕೈಗೆ ಜೆಲ್ಲಿ. ತುರಿಕೆ ಜೋರಾದರೆ ಡಾಕ್ಟರ ಮುಲಾಮು. ಅರ್ಧ ಸೀಸೆ ಎಣ್ಣೆ ಇನ್ನೂ ಫ್ರಿಜ್ಜಿನಲ್ಲಿದೆ. ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದೇನೆ, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ತಮ್ಮನಿಗೆ ಹೇಳಿಲ್ಲ.