ಅಗ್ಗದ ವ್ಯಾಕ್ಯೂಮ್ ಪಂಪ್: ಬೆಳಗಾವಿಯ ಏಸಿ ಕೆಲಸದಲ್ಲಿ ಹಲವು ವರ್ಷ ಬಳಸಿದ ಮೇಲೆ

ಬೆಳಗಾವಿಯಲ್ಲಿ ಏಸಿ ಮತ್ತು ಫ್ರಿಡ್ಜ್ ದುರಸ್ತಿ ಮಾಡುವ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಕಾಲು ಅಶ್ವಶಕ್ತಿಯ ಮೋಟಾರಿನ, ಎರಡು ಹಂತಗಳ, ಪೇಟೆಯಲ್ಲಿ ಸಿಗುವ ಅತಿ ಕಡಿಮೆ ಬೆಲೆಯ ರೋಟರಿ ವೇನ್ ಪಂಪ್. ಅನಿಲ ತುಂಬುವ ಮೊದಲು ಏಸಿಯ ಪೈಪುಗಳೊಳಗಿನ ಗಾಳಿ ಮತ್ತು ತೇವವನ್ನು ಎಳೆದು ನಿರ್ವಾತ ಮಾಡುವುದು ಇದರ ಕೆಲಸ. ಮನೆ ಮತ್ತು ಅಂಗಡಿಗಳ ಸ್ಪ್ಲಿಟ್ ಏಸಿಗೆ ಬೇಕಾದಷ್ಟು ನಿರ್ವಾತವನ್ನು ಇದು ಇಂದಿಗೂ ಕೊಡುತ್ತಿದೆ. ಆದರೆ ಕೊಂಡು ತಂದ ಮೇಲೆ ಅದರತ್ತ ತಿರುಗಿ ನೋಡದವರಿಗೆ ಈ ಪಂಪನ್ನು ನಾನು ಶಿಫಾರಸು ಮಾಡಲಾರೆ, ಏಕೆಂದರೆ ಇದರ ಆಯುಷ್ಯ ನಿಂತಿರುವುದೇ ಎಣ್ಣೆಯ ಮೇಲೆ.

ಪಂಪಿನ ಒಳಗೆ, ಸಿಲಿಂಡರಿನ ನಡುಮಧ್ಯಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರಿಸಿದ ರೋಟರ್ ತಿರುಗುತ್ತದೆ. ಅದರ ಸೀಳುಗಳಲ್ಲಿರುವ ವೇನ್‌ಗಳು, ಅಂದರೆ ಚಪ್ಪಟೆ ಪಟ್ಟಿಗಳು, ಹೊರಕ್ಕೆ ಜಾರಿ ಸಿಲಿಂಡರಿನ ಗೋಡೆಯನ್ನು ಒತ್ತಿಕೊಂಡು ಗಾಳಿಯನ್ನು ಎಳೆದು, ಅದುಮಿ, ಹೊರಗೆ ತಳ್ಳುತ್ತವೆ. ವೇನ್ ಮತ್ತು ಗೋಡೆಯ ನಡುವಿನ ಸೂಕ್ಷ್ಮ ಸಂದನ್ನು ಮುಚ್ಚುವುದು ಎಣ್ಣೆಯ ತೆಳು ಪದರ. ಆದ್ದರಿಂದ ಇಲ್ಲಿ ಎಣ್ಣೆಯೆಂದರೆ ಸವೆತ ತಡೆಯುವ ವಸ್ತು ಮಾತ್ರವಲ್ಲ, ಅದೇ ಸೀಲ್ ಕೂಡ. ಏಸಿಯೊಳಗಿನ ತೇವ ಆವಿಯಾಗಿ ಪಂಪಿಗೆ ಬಂದು, ಅದುಮುವ ಹಂತದಲ್ಲಿ ಮತ್ತೆ ನೀರಾಗಿ ಎಣ್ಣೆಯಲ್ಲಿ ಬೆರೆತರೆ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ಎಣ್ಣೆಯಿಂದ ಆಳವಾದ ನಿರ್ವಾತ ಎಂದಿಗೂ ಬರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ಮಳೆಯಲ್ಲಿ, ಪೈಪು ತೆರೆದೇ ಬಿದ್ದಿದ್ದ ಏಸಿಯೊಳಗಿನ ಗಾಳಿಯನ್ನು ಎಳೆಯುವಾಗ ಇದು ಬಹಳ ಬೇಗ ಆಗುತ್ತದೆ. ಇದಕ್ಕಾಗಿಯೇ ಇರುವುದು ಗ್ಯಾಸ್ ಬ್ಯಾಲಸ್ಟ್ ಎಂಬ ಸಣ್ಣ ತಿರುಪು. ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಗೇಡೆ 1935ರಲ್ಲಿ ರೂಪಿಸಿದ ಈ ವ್ಯವಸ್ಥೆ, ಅದುಮುವ ಹಂತದಲ್ಲಿ ತುಸು ಹೊರಗಾಳಿಯನ್ನು ಒಳಬಿಟ್ಟು, ನೀರಿನ ಆವಿ ಹನಿಗಟ್ಟುವ ಮೊದಲೇ ಹೊರಹೋಗುವಂತೆ ಮಾಡುತ್ತದೆ. ಮೊದಲ ಕೆಲವು ನಿಮಿಷ ಅದನ್ನು ತೆರೆದಿಟ್ಟು, ಅನಂತರ ಮುಚ್ಚಬೇಕು. ತೆರೆದೇ ಬಿಟ್ಟರೆ ಪಂಪ್ ತನ್ನ ಕೊನೆಯ ಆಳವನ್ನು ಮುಟ್ಟುವುದಿಲ್ಲ.

ಎಣ್ಣೆಯನ್ನು ಪಂಪ್ ಬೆಚ್ಚಗಿರುವಾಗಲೇ ಇಳಿಸುವುದು ಒಳ್ಳೆಯದು, ಆಗ ಕೊಳೆಯೂ ಜೊತೆಗೆ ಹರಿದು ಬರುತ್ತದೆ. ತುಂಬಿಸುವುದು ವ್ಯಾಕ್ಯೂಮ್ ಪಂಪಿನ ಎಣ್ಣೆಯನ್ನೇ ಹೊರತು ಗಾಡಿಯ ಎಂಜಿನ್ ಆಯಿಲ್ ಅಲ್ಲ. ಮಟ್ಟ ಗಾಜಿನ ಎರಡು ಗೆರೆಗಳ ನಡುವೆ ಇರಲಿ. ಹೆಚ್ಚಾದರೆ ಹೊಗೆಯಂತೆ ಎಣ್ಣೆಯ ಮಂಜು ಹೊರಬರುತ್ತದೆ.

ಪಂಪ್ ಹಾಳಾಗಿದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಒತ್ತಡ ತೋರಿಸುವ ಮುಳ್ಳಿನ ಗೇಜು. ಸಮುದ್ರಮಟ್ಟದಲ್ಲಿ ಪೂರ್ಣ ನಿರ್ವಾತವೆಂದರೆ ಗೇಜಿನಲ್ಲಿ ಸುಮಾರು 30 ಇಂಚು (ಪಾದರಸದ ಲೆಕ್ಕದಲ್ಲಿ). ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಭಾರವೇ ಕಡಿಮೆ; ಎಷ್ಟು ಒಳ್ಳೆಯ ಪಂಪ್ ಇಟ್ಟರೂ ಸರಿಯಾದ ಗೇಜಿನ ಮುಳ್ಳು 27 ಇಂಚು ದಾಟಿ ಸ್ವಲ್ಪ ಮುಂದೆ ನಿಲ್ಲಲೇಬೇಕು. ಅದನ್ನು ಕಂಡು ಪಂಪನ್ನು ಮಾರಿಬಿಡುವವರಿದ್ದಾರೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅಲ್ಲದೆ, ಉಳಿದ ಒತ್ತಡವನ್ನು ಅಳೆಯುವ ಸಣ್ಣ ಮಾನ ಮೈಕ್ರಾನ್; ಅದು ಕಡಿಮೆಯಾದಷ್ಟೂ ನಿರ್ವಾತ ಆಳ. ಏಸಿಗೆ ಬೇಕಾದ 500 ಮೈಕ್ರಾನ್ ಮತ್ತು ತೇವ ಉಳಿದಿರುವ 5,000 ಮೈಕ್ರಾನ್ ನಡುವಿನ ಅಂತರ ಆ ಮುಳ್ಳಿನಲ್ಲಿ ಕಾಲು ಇಂಚಿಗಿಂತಲೂ ಕಡಿಮೆ. ಪಂಪಿನಲ್ಲಿ ಉಳಿಸಿದ ಹಣವನ್ನು ಡಿಜಿಟಲ್ ಮೈಕ್ರಾನ್ ಗೇಜಿಗೆ ಹಾಕಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಆ ಗೇಜನ್ನು ನೇರವಾಗಿ ಪಂಪಿನ ಬಾಯಿಗೆ ಜೋಡಿಸಿ, ಬೇರೆ ದಾರಿಗಳನ್ನೆಲ್ಲ ಮುಚ್ಚಿ ಓಡಿಸಿದರೆ ತಪ್ಪು ಯಾರದೆಂದು ಗೊತ್ತಾಗುತ್ತದೆ. ಹೊಸ ಎಣ್ಣೆಯಲ್ಲಿ ಅಂಕಿ ಸುಲಭವಾಗಿ 500ರ ಕೆಳಗೆ, ಬಹುಮಟ್ಟಿಗೆ 100ರ ಆಸುಪಾಸಿಗೆ ಇಳಿದರೆ ಪಂಪ್ ಚೆನ್ನಾಗಿದೆ, ಸೋರಿಕೆ ಹೋಸ್, ಓ-ರಿಂಗ್ (ರಬ್ಬರ್ ಬಳೆ) ಅಥವಾ ಪೈಪು ಜೋಡಿಸುವ ಫ್ಲೇರ್ ನಟ್‌ನಲ್ಲಿದೆ. ಎಣ್ಣೆಯನ್ನು ಮತ್ತೆ ಮತ್ತೆ ಬದಲಿಸಿದರೂ ಸಾವಿರದ ಮೇಲೆಯೇ ನಿಂತರೆ ಮಾತ್ರ ವೇನ್ ಅಥವಾ ಶಾಫ್ಟಿನ ಸೀಲನ್ನು ಸಂಶಯಿಸಬೇಕು. ಪಂಪನ್ನು ಏಸಿಗೆ ಜೋಡಿಸಿ ಗಾಳಿ ಎಳೆದು ವಾಲ್ವ್ ಮುಚ್ಚಿದ ಮೇಲೆ ಅಂಕಿ ಸ್ವಲ್ಪ ಏರಿ ಒಂದೆಡೆ ನಿಂತರೆ ಒಳಗೆ ತೇವವಿದೆ, ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆಯಿದೆ.

ಇನ್ನು ಮೋಟಾರು. ಡಿಸೆಂಬರ್, ಜನವರಿಯ ಮುಂಜಾನೆ ಎಣ್ಣೆ ಗಟ್ಟಿಯಾಗಿರುವಾಗ ಪಂಪ್ ಗುಂಯ್ ಎಂದು ನಿಂತುಬಿಡುವುದುಂಟು. ಬಾಯಿಯನ್ನು ಗಾಳಿಗೆ ತೆರೆದು ತುಸು ಹೊತ್ತು ಓಡಿಸಿದರೆ ಸರಿಹೋಗುತ್ತದೆ. ತೆಳುವಾದ ಉದ್ದನೆಯ ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿದರೂ ಇದೇ ಲಕ್ಷಣ. ಪ್ಲಗ್ ಕಿತ್ತು ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಸರಾಗವಾಗಿ ತಿರುಗಿದರೆ ಮೋಟಾರು ಹೊರಡಲು ನೆರವಾಗುವ ಕೆಪ್ಯಾಸಿಟರ್ ಬದಲಿಸಿ ನೋಡಬೇಕು; ತಿರುಗದಿದ್ದರೆ ವೇನ್‌ಗಳು ಜಿಡ್ಡಿನಲ್ಲಿ ಅಂಟಿಕೊಂಡಿರುತ್ತವೆ.

ನನ್ನ ಪಂಪಿನ ನಿಜವಾದ ಕೊರತೆ, ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ ಇಲ್ಲದಿರುವುದು. ನಡುವೆ ಕರೆಂಟು ಹೋದರೆ ಹೊರಗಾಳಿಯ ಒತ್ತಡ ಪಂಪಿನ ಎಣ್ಣೆಯನ್ನು ಹೋಸಿನ ಮೂಲಕ ಏಸಿಯೊಳಕ್ಕೇ ನುಗ್ಗಿಸಬಲ್ಲದು. ಪಂಪಿನ ಬಾಯಿಗೆ ಒಂದು ಬಾಲ್ ವಾಲ್ವ್ ಜೋಡಿಸಿ, ಬಂದ್ ಮಾಡುವ ಮೊದಲು ಅದನ್ನು ಮುಚ್ಚಬೇಕು, ಮತ್ತು ಕೆಲಸ ನಡೆಯುವಾಗ ಪಕ್ಕದಲ್ಲೇ ಇರಬೇಕು. ಎಣ್ಣೆ ಇಳಿಸುವ ಬಿರಡೆಯ ತಿರುಪಿನ ಎಳೆಗಳು ಅಲ್ಯೂಮಿನಿಯಂನವು, ಬಿಗಿ ಹೆಚ್ಚಾದರೆ ಕಿತ್ತುಹೋಗುತ್ತವೆ. ಹೊಸ ಫ್ರಿಡ್ಜ್‌ಗಳಲ್ಲಿ ತಂಪು ಮಾಡುವ ಆರ್600ಎ ಅನಿಲ ಹೊತ್ತಿಕೊಳ್ಳುವಂಥದ್ದು. ಈ ಪಂಪಿನ ಮೋಟಾರು ಕಿಡಿ ತಡೆಯುವ ರಚನೆಯದಲ್ಲ. ಆದ್ದರಿಂದ ಆ ಅನಿಲವನ್ನು ಬಯಲಲ್ಲಿ ಪೂರ್ತಿ ಹೊರಬಿಟ್ಟ ಮೇಲೆಯೇ, ಗಾಳಿಯಾಡುವ ಜಾಗದಲ್ಲಿ ಪಂಪ್ ಹಚ್ಚತಕ್ಕದ್ದು. ದೊಡ್ಡ ಶೀತಲಗೃಹಗಳ ಕೆಲಸ ಹಿಡಿಯುವವರು ಇದನ್ನು ಕೊಳ್ಳದೆ, ಹೆಚ್ಚು ಗಾಳಿ ಎಳೆಯುವ, ಹಿಂತಡೆ ಕವಾಟವಿರುವ ಪಂಪಿಗೇ ಹೋಗುವುದು ಸೂಕ್ತ.