ಕಾಡೆಮ್ಮೆ ಬೇಟೆಗೆ 375 ಸಾಕಾ, 416 ಬೇಕಾ? ನಾನು 375 ಕೊಂಡ ಕಾರಣ

ಆಫ್ರಿಕಾದ ಕಾಡೆಮ್ಮೆಗೆ ಯಾವ ಕೋವಿ ಅಂತ ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ. .375 ಎಚ್ ಅಂಡ್ ಎಚ್ ಮ್ಯಾಗ್ನಮ್. 375, 416 ಅನ್ನುವ ಅಂಕಿಗಳು ಗುಂಡಿನ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ಪ್ರತಿ ಈಡಿಗೂ ಕೈಯಿಂದ ಎಳೆದು ತೋಟಾ ಕೂರಿಸುವ ಮೌಸರ್ 98 ಮಾದರಿಯ ಬೋಲ್ಟ್, ಮೇಲೆ ಕಡಿಮೆ ಪವರ್‌ನ ಸ್ಕೋಪ್. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ನಾನು ಕೊಂಡದ್ದು ಅದನ್ನೇ. ಜಿಂಬಾಬ್ವೆಯ ಡಾಂಡೆಯಲ್ಲಿ ಕೋಣ ಹೊಡೆದದ್ದೂ ಅದರಲ್ಲೇ. ಕೊಳ್ಳುವ ಮುಂಚೆ 416 ರಿಗ್ಬಿ, 9.3×62 (ಇದರ ಅಂಕಿ ಮಿ.ಮೀ. ಲೆಕ್ಕ) ಮತ್ತು ಒಂದು ಡಬಲ್ ರೈಫಲ್, ಅಂದರೆ ಜೋಡಿ ನಳಿಗೆಯದು, ಮೂರನ್ನೂ ರೇಂಜಿನಲ್ಲಿ ಹೊಡೆದು ನೋಡಿದ್ದೆ. ಮೂರೂ ಒಳ್ಳೆಯ ಕೋವಿಗಳೇ. ಆದರೆ ನನ್ನಂಥವನಿಗೆ ಅಲ್ಲ.

ನನ್ನಂಥವನು ಅಂದರೆ ಯಾರು ಅನ್ನೋದು ಮುಖ್ಯ. ಊರು ಕೊಡಗು, ನೆಲೆಸಿರುವುದು ಜೋಹಾನ್ಸ್‌ಬರ್ಗ್‌ನಲ್ಲಿ. ವಯಸ್ಸು ಐವತ್ತು ದಾಟಿದೆ. ತಿಂಗಳ ಸಂಬಳದಲ್ಲಿ ಉಳಿಸಿ ಇಂಥ ಬೇಟೆಗೆ ಹೋಗುವವನು. ಊರಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದು ಬೆಳೆದವನು. ಕೈಗೆ ಹೊಂದಿಕೊಂಡದ್ದು ಜೋಡಿ ನಳಿಗೆಯ ಹನ್ನೆರಡು ಬೋರ್. ನಮ್ಮ ದೇಶದಲ್ಲಿ 1972ರ ಕಾಯ್ದೆ ಬಂದು ಬೇಟೆ ನಿಂತಿತು. ಅದು ನಿಂತದ್ದು ಸರಿ ಅಂತಲೇ ನನ್ನ ನಂಬಿಕೆ. ಜಿಂಬಾಬ್ವೆಯಲ್ಲಿ ಕೋಟಾ ಇದೆ, ಪರವಾನಗಿ ಇದೆ, ಜೊತೆಗೆ ಲೈಸೆನ್ಸ್ ಇರುವ ಪ್ರೊಫೆಷನಲ್ ಹಂಟರ್ ಇರಲೇಬೇಕು. ಎಲ್ಲರೂ ಅವರನ್ನು ಪಿ.ಎಚ್. ಅಂತಲೇ ಕರೆಯುತ್ತಾರೆ. ಅಲ್ಲಿ ಆ ಲೈಸೆನ್ಸ್ ಸಿಗಬೇಕಾದರೆ ಲಿಖಿತ ಪರೀಕ್ಷೆ, ವರ್ಷಗಟ್ಟಲೆ ಅನುಭವಿಗಳ ಕೈಕೆಳಗೆ ಕಲಿಕೆ, ಗುರಿ ಪರೀಕ್ಷೆ ಎಲ್ಲ ಮುಗಿಸಬೇಕು.

ಮೊದಲು ಜಾಗದ ವಿಷಯ ಬೇಗ ಮುಗಿಸುತ್ತೇನೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಬೇಲಿ ಹಾಕಿದ ಖಾಸಗಿ ಜಮೀನುಗಳಿವೆ. ಅಲ್ಲಿಗೆ ನನ್ನ ಮನೆಯಿಂದ ಅರ್ಧ ದಿನದ ದಾರಿ. ಬೇಟೆಯೂ ಬೇಗ ಮುಗಿಯುತ್ತದೆ. ಮರಿ ಹಾಕುವುದು ನಿಂತ ಹಳೇ ಎಮ್ಮೆ ಹೊಡೆಯುವುದಾದರೆ ಖರ್ಚೂ ಕಡಿಮೆ. ಆದರೆ ನನಗೆ ಬೇಲಿಯಿಲ್ಲದ ಕಾಡು ಬೇಕಿತ್ತು. ಡಾಂಡೆ ಇರುವುದು ಜಾಂಬೆಜಿ ಕಣಿವೆಯಲ್ಲಿ, ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನದ ಕಡೆಗೆ. 1989ರಲ್ಲಿ ಶುರುವಾದ ಕ್ಯಾಂಪ್‌ಫೈರ್ ಯೋಜನೆಯಲ್ಲಿ ಇಲ್ಲಿಯ ಬೇಟೆಯ ಹಣದ ಪಾಲು ಸ್ಥಳೀಯ ಕೌನ್ಸಿಲ್‌ಗೆ ಹೋಗುತ್ತದೆ. ಮಾಂಸ ಹಳ್ಳಿಯವರಿಗೆ. ಇದು ನನಗೆ ದೊಡ್ಡ ಸಮಾಧಾನ ಕೊಟ್ಟ ವಿಷಯ.

ಬುಕ್ ಮಾಡುವಾಗ ಕೇಳಬೇಕಾದ್ದು ಒಂದೇ. ದಿನದ ಬಾಡಿಗೆಯಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ? ಪ್ರಾಣಿಯ ಶುಲ್ಕ ಯಾವಾಗಲೂ ಬೇರೆ. ಇನ್ನೊಂದು ನಿಯಮ ಎಲ್ಲ ಕಡೆಯೂ ಇದೆ. ಗಾಯವಾದ ಪ್ರಾಣಿ ಸಿಗದೇ ಹೋದರೂ ಅದರ ಪೂರ್ತಿ ಶುಲ್ಕ ಕಟ್ಟಬೇಕು. ರಕ್ತ ಬಿತ್ತು ಅಂದರೆ ದುಡ್ಡು ಬಿತ್ತು. ಕೋವಿಯ ಆಯ್ಕೆಯನ್ನು ನಾನು ಈ ನಿಯಮದಿಂದಲೇ ಶುರು ಮಾಡಿದೆ. ಗುಂಡು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಬೇಕಾದ ಜಾಗಕ್ಕೆ ಹೋಗುತ್ತದಾ ಅನ್ನುವುದು ಮೊದಲ ಪ್ರಶ್ನೆ, ಅಲ್ವಾ? ದುಡ್ಡಿನ ಮಾತು ಬಿಡಿ. ಗಾಯಗೊಂಡ ಕೋಣ ಪೊದೆ ಹೊಕ್ಕರೆ ಅದರ ಹಿಂದೆ ಹೋಗಬೇಕಾದವರು ಪಿ.ಎಚ್. ಮತ್ತು ಹೆಜ್ಜೆ ಹಿಡಿಯುವ ಟ್ರ್ಯಾಕರ್‌ಗಳು. ಅವರ ಜೀವ ನಮ್ಮ ಮೊದಲ ಈಡಿನ ಮೇಲೆ ನಿಂತಿರುತ್ತದೆ.

416 ರಿಗ್ಬಿ 1911ರದ್ದು, 375 ಅದರ ಮರುವರ್ಷದ್ದು. ಎರಡೂ ನೂರು ವರ್ಷ ದಾಟಿ ಉಳಿದಿವೆ ಅಂದರೆ ಎರಡರಲ್ಲೂ ಸತ್ವ ಇದೆ. 416ರ 400 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಬಿದ್ದಾಗ ಕೋಣಕ್ಕೆ ಅದರ ಏಟು ಜಾಸ್ತಿ ತಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಓಡಿ ಬರುವ ಕೋಣವನ್ನು ತಡೆಯಬೇಕಾದ ಪಿ.ಎಚ್. ಕೈಯಲ್ಲಿ ನಾನು ಅದನ್ನೇ ನೋಡಲು ಇಷ್ಟಪಡುತ್ತೇನೆ. ಆದರೆ ಹೊಡೆಯುವವನಿಗೂ ಏಟು ಜಾಸ್ತಿ. ನಮ್ಮ ಬೇಟೆಗಾರರ ಸಂಘದ ಗೆಳೆಯರೊಬ್ಬರ 416 ಅನ್ನು ಅವರ ಎದುರಿಗೇ ರೇಂಜಿನಲ್ಲಿ ಹೊಡೆದೆ. ಮೊದಲ ಕೆಲವು ಈಡು ಚೆನ್ನಾಗಿ ಬಿದ್ದವು. ಆಮೇಲೆ ಟ್ರಿಗರ್ ಎಳೆಯುವ ಮುಂಚೆಯೇ ಭುಜ ಬಿಗಿಯಾಗತೊಡಗಿತು, ಗುಂಡುಗಳು ಎಡಕ್ಕೆ ಕೆಳಕ್ಕೆ ಹೋದವು. 375ರಲ್ಲಿ ಒಂದು ಬೆಳಗ್ಗೆ ಪೂರ್ತಿ ಹೊಡೆದರೂ ಕೊನೆಯ ಗುಂಡು ಮೊದಲನೆಯದರ ಪಕ್ಕದಲ್ಲೇ ಬೀಳುತ್ತದೆ. ವರ್ಷಕ್ಕೊಮ್ಮೆ ಹೊಡೆಯುವ ಕೋವಿ ಬೇರೆ, ತಿಂಗಳು ತಿಂಗಳು ಅಭ್ಯಾಸ ಮಾಡುವ ಕೋವಿ ಬೇರೆ. ನನಗೆ ಅಭ್ಯಾಸ ಮಾಡಲು ಮನಸ್ಸು ಬರುವ ಕೋವಿ ಬೇಕಿತ್ತು.

ತೂಕವೂ ಒಂದು ಕಾರಣ. ಬೆಳಗ್ಗೆ ನೀರಿನ ಹತ್ತಿರ ಹೆಜ್ಜೆ ಸಿಕ್ಕರೆ ಮಧ್ಯಾಹ್ನದವರೆಗೂ ಮೊಪಾನೆ ಮರಗಳ ಕಾಡಿನಲ್ಲಿ ನಡೆಯುವುದು ಸಾಮಾನ್ಯ. 416 ಹಗುರ ಮಾಡಿದರೆ ಒದೆತ ಸಹಿಸಲಾಗದು, ಭಾರ ಮಾಡಿದರೆ ಹೊರಲಾಗದು.

9.3×62 ಬಗ್ಗೆ ನನಗೆ ತುಂಬ ಪ್ರೀತಿ ಇದೆ. 1905ರಿಂದ ಇರುವ ತೋಟಾ. ಒದೆತ ಕಡಿಮೆ, ಕೋವಿಯ ಬೆಲೆಯೂ ಕಡಿಮೆ. ಆದರೆ ಜಿಂಬಾಬ್ವೆಯಲ್ಲಿ ಕಾಡೆಮ್ಮೆಗೆ 9.2 ಮಿ.ಮೀ. ಗುಂಡು ಮತ್ತು ನಳಿಗೆಯ ಬಾಯಲ್ಲಿ 5,300 ಜೂಲ್ ಶಕ್ತಿ ಇರಬೇಕು ಅಂತ ಕಾನೂನು. ಗಾತ್ರದಲ್ಲಿ ಇದು ಪಾಸು. ಶಕ್ತಿಯಲ್ಲಿ ಅಂಗಡಿಯ ಸಾಮಾನ್ಯ ತೋಟಾ 4,800ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮೀಬಿಯಾದಲ್ಲಿ 5,400 ಬೇಕು. 375 ಇವೆರಡನ್ನೂ ಆರಾಮಾಗಿ ದಾಟುತ್ತದೆ. ಬೇಟೆ ಲಿಂಪೊಪೊದಲ್ಲೇ ಅಂತ ಆಗಿದ್ದರೆ ಇನ್ನಷ್ಟು ಯೋಚಿಸುತ್ತಿದ್ದೆನೋ ಏನೋ.

ಡಬಲ್ ರೈಫಲ್ ಕೈಗೆ ಬಂದಾಗ ಮಾತ್ರ ಮನಸ್ಸು ನಿಜಕ್ಕೂ ಎಳೆಯಿತು. 470 ನೈಟ್ರೋ ಎಕ್ಸ್‌ಪ್ರೆಸ್. ಎರಡು ನಳಿಗೆ, ಎರಡು ಟ್ರಿಗರ್. ಭುಜಕ್ಕೆ ಏರಿಸಿದ ಕೂಡಲೇ ಊರಿನ ಕೋವಿಯ ಹಾಗೇ ಕೂತಿತು. ಎರಡನೇ ಈಡು ಅಷ್ಟು ಬೇಗ ಬೇರೆ ಯಾವ ಕೋವಿಯಲ್ಲೂ ಬರುವುದಿಲ್ಲ. ಆದರೆ ಎಪ್ಪತ್ತು ಮೀಟರ್ ದೂರದ ನೆರಳಿನಲ್ಲಿ ನಿಂತ ಕಪ್ಪು ಪ್ರಾಣಿಯನ್ನು ಈ ವಯಸ್ಸಿನ ಕಣ್ಣಿಗೆ ತೆರೆದ ಗುರಿಕಣ್ಣಿನಲ್ಲಿ ಹಿಡಿಯುವುದು ಕಷ್ಟ. ಬೆಲೆ ಕೇಳಿದರೆ, ಅದೇ ಹಣದಲ್ಲಿ ಕೋವಿಯೂ ಬೇಟೆಯೂ ಎರಡೂ ಮುಗಿಯುತ್ತವೆ.

ಈಗ 375ರ ತಕರಾರಿಗೆ ಬರುತ್ತೇನೆ. ನೆಚ್ಚಿನ ಕೋವಿ ಅಂತ ಇದನ್ನು ಮುಚ್ಚಿಡುವುದು ಸರಿಯಲ್ಲ.

ಲೈಸೆನ್ಸ್ ಬರುವವರೆಗೆ ಕೋವಿ ಡೀಲರ್ ಹತ್ತಿರವೇ ಇರಬೇಕು, ಇಲ್ಲಿಯ ಕಾನೂನು ಹಾಗೆ. ತಿಂಗಳುಗಳು ಹಿಡಿಯಿತು. ಕೊನೆಗೆ ಕೈಗೆ ಬಂದು, ರೇಂಜಿಗೆ ಹೋಗಿ, ಮೇಜಿನ ಮೇಲೆ ಇಟ್ಟು ಒಂದೊಂದೇ ತೋಟಾ ಹಾಕಿ ಸ್ಕೋಪ್ ಹೊಂದಿಸಿದೆ. ಎಲ್ಲ ಚೆನ್ನಾಗಿತ್ತು. ಆಮೇಲೆ ಮ್ಯಾಗಝೀನ್, ಅಂದರೆ ಕೋವಿಯ ಹೊಟ್ಟೆಯಲ್ಲಿ ತೋಟಾ ಇಡುವ ಪೆಟ್ಟಿಗೆ ತುಂಬಿ, ಮೂರು ಕಾಲಿನ ಕೋಲಿನ ಮೇಲಿಟ್ಟು ನಿಂತು ಹೊಡೆದೆ. ಈಡು ಹೋಯಿತು. ಜೊತೆಗೆ ಮ್ಯಾಗಝೀನಿನ ಅಡಿಯ ಮುಚ್ಚಳ ತೆರೆದು ಉಳಿದ ತೋಟಾಗಳೆಲ್ಲ ಕಾಲಬುಡಕ್ಕೆ ಬಿದ್ದವು. ಬೋಲ್ಟ್ ಎಳೆದರೆ ಒಳಗೆ ಏನೂ ಇಲ್ಲ. ಕಾಡೆಮ್ಮೆಯ ಎದುರು ಹೀಗಾದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕೋವಿ ರಿಪೇರಿ ಮಾಡುವ ಮುದುಕರೊಬ್ಬರು ಇದಕ್ಕೆ ಎರಡು ಕಾರಣ ಇರಬಹುದು ಅಂದರು. ಆ ಮುಚ್ಚಳ ತೆರೆಯುವ ಗುಂಡಿ ಟ್ರಿಗರ್ ಸುತ್ತಿನ ಕಬ್ಬಿಣದ ಬಳೆಯ ಒಳಗೆ, ಮುಂದಿನ ಬದಿಯಲ್ಲಿ ಇರುತ್ತದೆ. ಮುಂದಕ್ಕೆ ಒತ್ತಿದರೆ ಚಿಲಕ ಬಿಡುತ್ತದೆ. ಒಂದೋ ಒದೆತದಲ್ಲಿ ಬೆರಳು ಹೋಗಿ ಅದಕ್ಕೆ ತಾಗುತ್ತಿದೆ. ಇಲ್ಲವೇ ಕೋವಿ ರಭಸದಿಂದ ಹಿಂದಕ್ಕೆ ಬಂದಾಗ ಗುಂಡಿ ಮಾತ್ರ ತನ್ನ ತೂಕಕ್ಕೆ ಇದ್ದಲ್ಲೇ ನಿಲ್ಲುತ್ತಿದೆ. ಕೋವಿಯ ಲೆಕ್ಕದಲ್ಲಿ ನೋಡಿದರೆ ಅದು ಮುಂದಕ್ಕೆ ಒತ್ತಿದ ಹಾಗೇ ಆಯಿತು. ಸ್ಪ್ರಿಂಗ್ ಸಡಿಲವಾಗಿದ್ದರೆ ಚಿಲಕ ಬಿಟ್ಟೇ ಬಿಡುತ್ತದೆ. ಅವರು ಗುಂಡಿಗೆ ಶಾಯಿ ಬಳಿದು ನನ್ನಿಂದ ಹೊಡೆಸಿದರು. ಬೆರಳಿಗೆ ಶಾಯಿ ಹತ್ತಲಿಲ್ಲ, ಮುಚ್ಚಳ ಮಾತ್ರ ಮತ್ತೆ ಬಿತ್ತು. ತಪ್ಪು ಸ್ಪ್ರಿಂಗಿನದೇ ಅಂತ ಗೊತ್ತಾಯಿತು.

ಗಟ್ಟಿ ಸ್ಪ್ರಿಂಗ್ ಹಾಕಿದರು. ಮೂರು ತೋಟಾ ತುಂಬಿದಾಗ ನಿಂತಿತು. ಪೂರ್ತಿ ತುಂಬಿದಾಗ ಮತ್ತೊಮ್ಮೆ ತೆರೆದುಕೊಂಡಿತು. ಬಿಚ್ಚಿ ನೋಡಿದರೆ ಚಿಲಕದ ಅಂಚು ವರ್ಷಗಳ ಬಳಕೆಯಲ್ಲಿ ಸವೆದು ದುಂಡಗಾಗಿತ್ತು, ಮೇಲಿನ ಒತ್ತಡ ಜಾಸ್ತಿಯಾದರೆ ಜಾರುತ್ತಿತ್ತು. ಅದನ್ನು ಅರದಿಂದ ಉಜ್ಜಿ ಚೌಕ ಮಾಡಿದರು. ಆಮೇಲೆ ಇವತ್ತಿನವರೆಗೂ ಒಂದು ಸಲವೂ ತೆರೆದಿಲ್ಲ. ಖರ್ಚು ಹೆಚ್ಚೇನೂ ಆಗಲಿಲ್ಲ, ಆದರೆ ಬೇಟೆಯ ದಿನ ಹತ್ತಿರ ಬರುತ್ತಿದ್ದಾಗ ನಿದ್ದೆ ಕೆಟ್ಟದ್ದು ನಿಜ.

ಹಾಗಾಗಿ ದೊಡ್ಡ ಕ್ಯಾಲಿಬರ್‌ನ ಹಳೇ ಕೋವಿ ಯಾವುದೇ ಇರಲಿ, ಒಂದೇ ತೋಟಾ ಹಾಕಿ ಹೊಡೆದು ಒಪ್ಪಬೇಡಿ. ಮ್ಯಾಗಝೀನ್ ತುಂಬಿ, ನಿಂತು ಹೊಡೆಯಿರಿ. ಒಂದಾದ ಮೇಲೆ ಒಂದು, ಬೇಗ ಬೇಗ, ಕೋವಿ ಭುಜದ ಮೇಲಿದ್ದಂತೆಯೇ ಬೋಲ್ಟ್ ಎಳೆದು. ಖಾಲಿ ಆದ ಮೇಲೆ ಮತ್ತೆ ತುಂಬಿ. ಇದೇ ಪರೀಕ್ಷೆಯಲ್ಲಿ 375ರ ನಿಜವಾದ ಗುಣವೂ ಕಂಡಿತು. ಅದರ ತೋಟಾ ಹಿಂದೆ ದಪ್ಪ, ಮುಂದೆ ಸಣ್ಣಗೆ ಇಳಿಯುತ್ತದೆ. ಎಷ್ಟೇ ಅವಸರ ಮಾಡಿದರೂ ನುಣ್ಣಗೆ ಜಾರಿ ನಳಿಗೆಗೆ ಕೂರುತ್ತದೆ. ಮೌಸರ್ ಮಾದರಿಯ ಬೋಲ್ಟಿನ ಅಗಲ ಕೊಕ್ಕೆ ತೋಟಾದ ಬುಡವನ್ನು ಮೊದಲೇ ಹಿಡಿದುಕೊಳ್ಳುವುದರಿಂದ ದಾರಿಯಲ್ಲಿ ಬೀಳುವ ಭಯವೂ ಇಲ್ಲ.

ಸ್ಕೋಪ್ ವಿಷಯದಲ್ಲಿ ಒಂದೇ ಮಾತು. 1ರಿಂದ 4 ಅಥವಾ 6 ಪಟ್ಟು ಸಾಕು, ಕಣ್ಣಿನಿಂದ ದೂರ ಇರಲಿ.

ತೋಟಾ ಸಿಗುವುದರಲ್ಲೂ 375 ಮುಂದೆ. ದಕ್ಷಿಣ ಆಫ್ರಿಕಾದಲ್ಲಿ ಯಾವ ಸಾಧಾರಣ ಕೋವಿ ಅಂಗಡಿಗೆ ಹೋದರೂ ಸಿಗುತ್ತದೆ. ಕ್ಯಾಂಪಿನಲ್ಲಿ ಯಾರಾದರೊಬ್ಬರ ಹತ್ತಿರ ಇದ್ದೇ ಇರುತ್ತದೆ. 416 ರಿಗ್ಬಿ ತೋಟಾಕ್ಕೆ ಗೆಳೆಯರು ಫೋನ್ ಮೇಲೆ ಫೋನ್ ಮಾಡುವುದನ್ನು ನೋಡಿದ್ದೇನೆ. ಬೆಲೆಯಲ್ಲೂ ವ್ಯತ್ಯಾಸ ಇದೆ, ಅಭ್ಯಾಸ ಮಾಡುವವರಿಗೆ ಅದು ತಾಗುತ್ತದೆ.

ಡಾಂಡೆಯಲ್ಲಿ ನಮಗೆ ಸಿಕ್ಕಿದ್ದು ಹಿಂಡು ಬಿಟ್ಟ ಮೂರು ಮುದಿ ಕೋಣಗಳು. ಮೈಗೆ ಕೆಸರು ಮೆತ್ತಿಕೊಂಡಿರುವ ಇಂಥವನ್ನು ಅಲ್ಲಿ ಡಗ್ಗಾ ಬಾಯ್ಸ್ ಅನ್ನುತ್ತಾರೆ. ಕೊಂಬಿನ ಬುಡ ನೆತ್ತಿಯ ಮೇಲೆ ಪೂರ್ತಿ ಗಟ್ಟಿಯಾಗಿದ್ದರೆ ಪೂರ್ತಿ ಬೆಳೆದ ಕೋಣ ಅಂತ ಲೆಕ್ಕ. ಪಿ.ಎಚ್. ಅದನ್ನು ದುರ್ಬೀನಿನಲ್ಲಿ ನೋಡಿ ಒಪ್ಪುವವರೆಗೂ ಕೋಲಿನ ಮೇಲೆ ಕೋವಿ ಇಡಲು ಬಿಡಲಿಲ್ಲ. ಗುರಿ ಇಡಬೇಕಾದ್ದು ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಮೇಲೆ. ಹೃದಯ ಅಷ್ಟು ಕೆಳಗೆ ಇರುತ್ತದೆ. 300 ಗ್ರೇನ್ ಸಾಫ್ಟ್ ಗುಂಡು, ಅಂದರೆ ತಾಗಿದ ಮೇಲೆ ಅರಳುವಂಥದ್ದು, ಅಲ್ಲೇ ಬಿತ್ತು. ಕೋಣ ತಿರುಗುವಷ್ಟರಲ್ಲಿ ಎರಡನೆಯದು. ಸ್ವಲ್ಪ ದೂರ ಓಡಿ ಬಿದ್ದ ಮೇಲೂ ಪಿ.ಎಚ್. ಹೇಳಿದ ಹಾಗೆ ಇನ್ನೊಂದು. ಅವರು ತಮ್ಮ 416 ಎತ್ತಲೇ ಇಲ್ಲ.

ಊರಿನಿಂದಲೋ ಬೇರೆ ದೇಶದಿಂದಲೋ ಒಂದೇ ಒಂದು ಸಲ ಬಂದು ಹೋಗುವವರಿಗೆ ನಾನು ಕೊಳ್ಳಿ ಅನ್ನುವುದಿಲ್ಲ. ಬೇಟೆ ಏರ್ಪಾಡು ಮಾಡುವವರ ಹತ್ತಿರ ಬಾಡಿಗೆಗೆ 375 ಇರುತ್ತದೆ. ಗಡಿಯ ಕಾಗದಪತ್ರ, ವಿಮಾನದ ಪೆಟ್ಟಿಗೆ ಯಾವುದೂ ಬೇಡ. ಆದರೆ ಮೊದಲ ದಿನ ಪೂರ್ತಿ ಅದರಲ್ಲಿ ಗುರಿ ಅಭ್ಯಾಸಕ್ಕೆ ಸಮಯ ಕೊಡಿ ಅಂತ ಬುಕ್ ಮಾಡುವಾಗಲೇ ಬರೆಸಿಕೊಳ್ಳಿ. ಸ್ಟಾಕ್ ಬೇರೆಯವರ ತೋಳಿನ ಅಳತೆಯದು, ಸ್ಕೋಪ್ ಬೇರೆಯವರ ಕಣ್ಣಿಗೆ ಕೂರಿಸಿದ್ದು. ಎರಡು ಈಡು ಹೊಡೆದು ನೇರ ಕಾಡಿಗೆ ಹೊರಡುವುದು ಬೇಡ.

ವಯಸ್ಸು ಚಿಕ್ಕದು, ಭುಜ ಗಟ್ಟಿ, ಮುಂದೆ ಆನೆಯ ಬೇಟೆಯ ಯೋಚನೆಯೂ ಇದೆ ಅನ್ನುವವರು 416 ಕೊಳ್ಳಲಿ, ನಾನು ತಡೆಯುವುದಿಲ್ಲ. ನನ್ನ 375 ಸೇಫಿನಲ್ಲಿದೆ. ಮಳೆ ಮುಗಿದು ಹುಲ್ಲು ಒಣಗಿದ ಮೇಲೆ ಅದೇ ಕೋವಿ, ಅದೇ 300 ಗ್ರೇನ್ ಸಾಫ್ಟ್ ತೋಟಾ ಹಿಡಿದು ಲಿಂಪೊಪೊಗೆ ಹೋಗುತ್ತೇನೆ, ಈ ಸಲ ಹಳೇ ಎಮ್ಮೆಗೆ.