ಶಾಪಿಂಗ್ ಕಾರ್ಟ್ ಎಲ್ಲಿಡೋದು? ಸೆಷನ್, ಲೋಕಲ್‌ಸ್ಟೋರೇಜ್, ಡೇಟಾಬೇಸ್ ಮೂರೂ ಹಾಕಿ ನೋಡಿದೆ
ನಮ್ಮ ಅತ್ತಿಗೆ ಶಿರಸಿಯಿಂದ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನಲ್ಲಿ ಮಾರ್ತಾರೆ, ಸೈಟ್ ನಾನೇ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೆದಿದ್ದು. ಅದರಲ್ಲಿ ಕಾರ್ಟ್ ಒಂದನ್ನೇ ಮೂರು ಸಲ ಬಿಚ್ಚಿ ಕಟ್ಟಿದೀನಿ.

ಮೊದಲು ಸೆಷನ್, ಅಂದ್ರೆ ಸೈಟಿಗೆ ಬಂದವರ ಮಾಹಿತಿಯನ್ನ ಸರ್ವರೇ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳೋದು. ಐಟಂ ಐಡಿ, ಎಷ್ಟು ಬೇಕು ಅನ್ನೋದು, ಇಷ್ಟು ಅರೇಗೆ (ಪಟ್ಟಿಗೆ) ಹಾಕಿದ್ರೆ ಕೆಲಸ ಮುಗೀತು, ಅರ್ಧ ದಿನದಲ್ಲಿ ರೆಡಿ. ಆದ್ರೆ ಪಿಎಚ್‌ಪಿ ಡಿಫಾಲ್ಟ್ 1440 ಸೆಕೆಂಡು, ಅಂದ್ರೆ 24 ನಿಮಿಷ ಸುಮ್ನಿದ್ರೆ ಆ ಡೇಟಾ ಯಾವಾಗ ಬೇಕಾದ್ರೂ ಅಳಿಸಿಹೋಗಬಹುದು. ಹಪ್ಪಳ ತಗೊಳೋರು ಮನೇಲಿ ಕೇಳಿ, ತಂಗಿಗೂ ಒಂದು ಫೋನ್ ಮಾಡಿ ವಾಪಸ್ ಬರೋ ಹೊತ್ತಿಗೆ ಕಾರ್ಟ್ ಖಾಲಿ, ಇನ್ನೊಂದ್ಸಲ ಎಲ್ಲಾ ಹಾಕೋ ತಾಳ್ಮೆ ಯಾರಿಗಿರುತ್ತೆ ಹೇಳಿ. ಇನ್ನೊಂದು, ಸೆಷನ್ ಫೈಲಲ್ಲಿದ್ರೆ ಒಂದು ರಿಕ್ವೆಸ್ಟ್ ಮುಗಿಯೋವರೆಗೂ ಅದು ಲಾಕ್ ಆಗಿರುತ್ತೆ, ಪ್ಲಸ್ ಬಟನ್ ಐದು ಸಲ ಒತ್ತಿದ್ರೆ ಐದೂ ರಿಕ್ವೆಸ್ಟ್ ಒಂದರ ಹಿಂದೆ ಒಂದು ಕ್ಯೂ ನಿಲ್ತವೆ.

ಕುಕಿಯಲ್ಲೇ (ಸೈಟ್ ಬ್ರೌಸರಲ್ಲಿ ಇಡೋ ಪುಟ್ಟ ಚೀಟಿ) ಪೂರ್ತಿ ಕಾರ್ಟ್ ಇಡೋದು ಬೇಡ, ಸುಮಾರು 4 ಕೆಬಿ ಅಷ್ಟೇ ಜಾಗ, ಅದೂ ಪ್ರತಿ ರಿಕ್ವೆಸ್ಟ್ ಜೊತೆ ಓಡಾಡುತ್ತೆ.

ಆಮೇಲೆ ಲೋಕಲ್‌ಸ್ಟೋರೇಜ್, ಅಂದ್ರೆ ಗ್ರಾಹಕರ ಬ್ರೌಸರಲ್ಲೇ ಸೈಟಿಗೆ ಸಿಗೋ ಜಾಗ. ಇದು ನಿಜವಾಗ್ಲೂ ಖುಷಿ ಕೊಡ್ತು, ಸುಮಾರು 5 ಎಂಬಿ ಜಾಗ, ಬ್ರೌಸರ್ ಮುಚ್ಚಿದ್ರೂ ಇರುತ್ತೆ, ನೆಟ್‌ವರ್ಕ್ ಹೋಗಿ ಬಂದ್ರೂ ಕಾರ್ಟ್ ಹಾಗೇ ಇರುತ್ತೆ. ಆದ್ರೆ ಮೊಬೈಲಲ್ಲಿ ಹಾಕಿದ್ದು ಲ್ಯಾಪ್‌ಟಾಪಲ್ಲಿ ಕಾಣಲ್ಲ, ಸಫಾರಿಯಲ್ಲಂತೂ 7 ದಿನ ಸೈಟ್ ಕಡೆ ಬರದಿದ್ರೆ ಅಳಿಸಿಬಿಡುತ್ತೆ. ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ರೇಟನ್ನೂ ಅಲ್ಲೇ ಇಟ್ಟಿದ್ದು. ಅಪ್ಪೆಮಿಡಿ ರೇಟ್ ಏರಿಸಿದ್ವಿ, ಎರಡು ವಾರ ಹಳೇ ಕಾರ್ಟ್ ಇಟ್ಕೊಂಡಿದ್ದ ಒಬ್ಬರಿಗೆ ಹಳೇ ರೇಟೇ ತೋರಿಸ್ತು, ಅತ್ತಿಗೆ ಪಾಪ ಅದೇ ರೇಟಿಗೆ ಕಳಿಸಿದ್ರು. ಬ್ರೌಸರಲ್ಲಿರೋ ರೇಟನ್ನ ಯಾರು ಬೇಕಾದ್ರೂ ತಿದ್ದಬಹುದು ಕೂಡ, ಹಾಗಾಗಿ ಎಲ್ಲೇ ಕಾರ್ಟ್ ಇಡಿ, ಐಡಿ ಮತ್ತು ಸಂಖ್ಯೆ ಮಾತ್ರ ಇಡಿ, ರೇಟನ್ನ ಸರ್ವರಲ್ಲೇ ಪ್ರತಿ ಸಲ ತೆಗೀರಿ.

ಈಗಿರೋದು ಡೇಟಾಬೇಸ್, ನನ್ನ ಓಟು ಇದಕ್ಕೇ. ಎರಡು ಟೇಬಲ್, ಒಂದು ಕಾರ್ಟಿಗೆ, ಇನ್ನೊಂದು ಅದರೊಳಗಿನ ಐಟಂಗಳಿಗೆ. ಕುಕಿಯಲ್ಲಿ ಒಂದು ರ‍್ಯಾಂಡಮ್ ಟೋಕನ್ (ಕಾರ್ಟ್ ಯಾವುದು ಅಂತ ಗುರುತಿಸೋ ಕೋಡ್) ಬಿಟ್ರೆ ಏನೂ ಇಲ್ಲ. ಕಾರ್ಟ್ ಐಡಿ, ಐಟಂ ಐಡಿ ಎರಡೂ ಸೇರಿಸಿ ಯೂನಿಕ್ ಕೀ (ಅದೇ ಜೋಡಿ ಎರಡನೇ ಸಲ ಬರದ ಹಾಗೆ ತಡೆ) ಹಾಕಿದೀನಿ, ಅದಿಲ್ಲದಾಗ ಬಟನ್ ಎರಡು ಸಲ ಒತ್ತಿದ್ರೆ ಅದೇ ಹಪ್ಪಳ ಎರಡು ಸಾಲಲ್ಲಿ ಬರ್ತಿತ್ತು. ತಲೆ ಕೆಡಿಸಿದ್ದು ಲಾಗಿನ್ ಆದಾಗ ಎರಡು ಕಾರ್ಟ್ ಸೇರಿಸೋದು. ಮೊದಲು ಕೂಡಿಸ್ತಿದ್ದೆ, ಮೊಬೈಲಲ್ಲಿ ಲಾಗಿನ್ ಆಗಿ 2 ಹಾಕಿದೋರು ಲ್ಯಾಪ್‌ಟಾಪಲ್ಲಿ ಲಾಗಿನ್ ಆಗದೆ ಮತ್ತೆ ಅದೇ 2 ಹಾಕಿ ಆಮೇಲೆ ಲಾಗಿನ್ ಆದ್ರೆ 4 ಆಗ್ತಿತ್ತು, ಈಗ ಎರಡರಲ್ಲಿ ಯಾವುದು ದೊಡ್ಡದೋ ಅದನ್ನ ತಗೋತೀನಿ.

ರೆಡಿಸ್ (ಮೆಮೊರಿಯಲ್ಲೇ ಡೇಟಾ ಇಡೋ ಸರ್ವಿಸ್) ಕೂಡ ಟೆಸ್ಟ್ ಸರ್ವರಲ್ಲಿ ಹಾಕಿ ನೋಡಿದೆ, ಸಖತ್ ಫಾಸ್ಟು, ಹಳೇ ಕಾರ್ಟಿಗೆ ಟೈಮ್ ಕೊಟ್ರೆ ತಾನೇ ಅಳಿಸಿಕೊಳ್ಳುತ್ತೆ, ಆದ್ರೆ ನಮ್ಮಷ್ಟು ಚಿಕ್ಕ ಅಂಗಡಿಗೆ ಇನ್ನೊಂದು ಸರ್ವಿಸ್ ಸಾಕೋದು ಬೇಡ ಅನಿಸ್ತು. 30 ದಿನ ಯಾರೂ ಮುಟ್ಟದ, ಲಾಗಿನ್ ಆಗದವರ ಗೆಸ್ಟ್ ಕಾರ್ಟ್‌ಗಳನ್ನ ರಾತ್ರಿ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸ) ಗುಡಿಸಿಹಾಕುತ್ತೆ. ಲೋಕಲ್‌ಸ್ಟೋರೇಜನ್ನ ಪೂರ್ತಿ ಬಿಟ್ಟಿಲ್ಲ, ಮೇಲಿನ ಬುಟ್ಟಿ ಐಕಾನ್ ಪಕ್ಕದ ನಂಬರ್ ಪೇಜ್ ತೆರೆದ ಕೂಡಲೇ ಕಾಣ್ಲಿ ಅಂತ ಅದೊಂದನ್ನ ಅಲ್ಲಿಟ್ಟಿದೀನಿ.